ಬಾಯಿಗೆ ಬರುವ ಹಿಂದಿ, ಬರಹಕ್ಕೆ ಬಾರದ ಹಿಂದಿ

“ಸರ್, ನಮಗ ಹಿಂದಿ ಬರ್ತದ್ರೀ. ಹಿಂದಿ ಪೇಪರ್ ಅಷ್ಟೇ ಬರಲ್ಲ.”

ಬೀದರ್ ತಾಲ್ಲೂಕಿನ ಬಗದಲ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ ಹಿಂದಿ ಕಲಿಸುವ ನನಗೆ ಈ ಮಾತು ಹೊಸದಲ್ಲ. ಪ್ರತಿ ವರ್ಷ ಯಾರಾದರೂ ಒಬ್ಬರು ಹೇಳುತ್ತಾರೆ. ಉಳಿದವರು ನಗುತ್ತಾರೆ. ಆದರೆ ಹೇಳಿದವರು ತಮಾಷೆಗೆ ಹೇಳಿರುವುದಿಲ್ಲ. ಸಂತೆಯಲ್ಲಿ ತರಕಾರಿಯವನ ಜೊತೆ ಚೌಕಾಸಿ ಮಾಡಿ ಐದು ರೂಪಾಯಿ ಉಳಿಸಿ ಬರುವ ಹುಡುಗ, ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಜಗಳ ತೆಗೆದು ಗೆಲ್ಲುವ ಹುಡುಗಿ, ಇಬ್ಬರೂ ಪರೀಕ್ಷೆಯ ಹಾಳೆಯ ಮುಂದೆ ಕೂತರೆ ಪೆನ್ನು ಕಚ್ಚುತ್ತಾರೆ. ದಕ್ಷಿಣದ ಜಿಲ್ಲೆಗಳ ಎಷ್ಟೋ ಮಕ್ಕಳಿಗೆ ಹಿಂದಿಯ ಮೊದಲ ಪಾಠವೇ ಹೊಸದು. ನಮ್ಮ ಮಕ್ಕಳಿಗೆ ಹಾಗಲ್ಲ. ಅವರ ಕಷ್ಟ ಶುರುವಾಗುವುದು ಮೇಲಿನ ತರಗತಿಗೆ ಬಂದಮೇಲೆ.

ಯಾಕೆ ಹೀಗೆ? ಈ ವಾರ ಅಜ್ಜ, ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಕೂತು ಇದನ್ನೇ ಯೋಚಿಸೋಣ. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ ಮುತ್ಯಾ, ಆಯಿ ಇಲ್ಲದೆ ಈ ಲೆಕ್ಕ ಬಿಡಿಸಲು ಆಗುವುದಿಲ್ಲ.

ಮೊದಲು ನಾವು ಆಡುವ ಹಿಂದಿ ಯಾವುದು ಎಂದು ನೋಡಬೇಕು. “ಮೇರೆಕು ನಕ್ಕೋ” ಎನ್ನುತ್ತೇವೆ. ಪುಸ್ತಕದಲ್ಲಿ “ಮುಝೇ ನಹೀ ಚಾಹಿಯೇ” ಎಂದಿದೆ. “ಕಾಯ್ಕು ಆಯಾ?” ಎನ್ನುತ್ತೇವೆ. ಪುಸ್ತಕದಲ್ಲಿ “ಕ್ಯೋ ಆಯಾ?” ಎಂದಿದೆ. ಜನ ಹೆಚ್ಚಿದ್ದರೆ ನಮಗೆ “ಲೋಗಾಂ”, ಮಾತು ಹೆಚ್ಚಾದರೆ “ಬಾತಾಂ”. ಪುಸ್ತಕಕ್ಕೆ “ಲೋಗ್” ಮತ್ತು “ಬಾತೇ”. ಇದನ್ನು ಕೇಳಿದ ಹೊರಗಿನವರು ‘ಇದೆಂಥ ಕೆಟ್ಟ ಹಿಂದಿ’ ಎಂದು ನಕ್ಕುಬಿಡುತ್ತಾರೆ. ನಕ್ಕವರಿಗೆ ಅದು ಮರೆತುಹೋಗುತ್ತದೆ. ನಗಿಸಿಕೊಂಡ ಹುಡುಗಿ ಮಾತ್ರ ಆ ದಿನದಿಂದ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ನಾನು ಈ ಲೇಖನ ಬರೆಯಲು ಕಾರಣವೇ ಅಂಥ ಮೌನ.

ಮಕ್ಕಳೇ, ಅದು ಕೆಟ್ಟ ಹಿಂದಿ ಅಲ್ಲ. ಅದಕ್ಕೆ ದಖನಿ ಎಂದು ಹೆಸರಿದೆ. ದಖ್ಖನಿನ ಮಾತಾದ್ದರಿಂದ ದಖನಿ. ಅದಕ್ಕೆ ತನ್ನದೇ ನಿಯಮಗಳಿವೆ. ‘ನಕ್ಕೋ’ ಎಲ್ಲಿಂದ ಬಂತು? ಮರಾಠಿಯ ‘ನಕೋ’ದಿಂದ. ಇನ್ನೊಂದು ವಾಕ್ಯ ನೋಡಿ: “ಕಲ್ ಆತೂಂ ಬೋಲ್ಕೆ ಬೋಲ್ಯಾ.” ಕನ್ನಡದಲ್ಲಿ ಹೇಳಿ: “ನಾಳಿ ಬರ್ತೀನಿ ಅಂತ ಹೇಳ್ದ.” ನಮ್ಮ ‘ಅಂತ’ ಇರುವ ಜಾಗದಲ್ಲೇ ಅವರ ‘ಬೋಲ್ಕೆ’ ಕೂತಿದೆ. ಪುಸ್ತಕದ ಹಿಂದಿಯಲ್ಲಿ ಈ ಕಟ್ಟಡವೇ ಬೇರೆ. ಅಲ್ಲಿ ‘ಉಸನೇ ಕಹಾ ಕಿ’ ಎಂದು ಮೊದಲೇ ಹೇಳಿ, ಆಮೇಲೆ ಅವನು ಹೇಳಿದ್ದನ್ನು ಇಡಬೇಕು. ಅಂದರೆ ದಖನಿ ತನ್ನ ಪದಗಳನ್ನು ಉತ್ತರದಿಂದ ತಂದಿದೆ. ವಾಕ್ಯ ಕಟ್ಟುವ ಈ ಪದ್ಧತಿಯನ್ನು ಕನ್ನಡ, ತೆಲುಗು ಆಡುವ ನೆರೆಮನೆಯವರಿಂದ ಕಲಿತಿದೆ. ನೂರಾರು ವರ್ಷ ಒಂದೇ ಓಣಿಯಲ್ಲಿ ಬಾಳಿದ ಭಾಷೆಗಳು ಹೀಗೆ ಒಂದರ ಬಟ್ಟಲಿನಿಂದ ಇನ್ನೊಂದು ಸಕ್ಕರೆ ಕಡ ತರುತ್ತವೆ.

ಈ ದಖನಿಯ ವಯಸ್ಸು ಕೇಳಿದರೆ ನೀವು ಬೆರಗಾಗುತ್ತೀರಿ. ಬಹಮನಿ ಸುಲ್ತಾನ ಅಹಮದ್ ಶಾ ಕಲಬುರಗಿಯಿಂದ ಬೀದರ್‌ಗೆ ರಾಜಧಾನಿಯನ್ನು ತಂದದ್ದು 15ನೇ ಶತಮಾನದ ಮೊದಲ ಭಾಗದಲ್ಲಿ. ಅದೇ ಕಾಲದಲ್ಲಿ ನಿಜಾಮಿ ಎಂಬ ಕವಿ ‘ಕದಮ್ ರಾವ್ ಪದಮ್ ರಾವ್’ ಎಂಬ ಕಥನ ಕಾವ್ಯವನ್ನು ಬರೆದ. ದಖನಿಯಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ದೊಡ್ಡ ಕಾವ್ಯ ಅದು. ಆಗ ದಿಲ್ಲಿಯ ಕವಿಗಳು ದೊಡ್ಡ ಕಾವ್ಯ ಎಂದರೆ ಪಾರಸಿಯಲ್ಲೇ ಬರೆಯಬೇಕು ಎಂದುಕೊಂಡಿದ್ದರು. 1700ರ ಸುಮಾರಿಗೆ ದಖ್ಖನಿನ ವಲಿ ಎಂಬ ಕವಿ ದಿಲ್ಲಿಗೆ ಹೋದಮೇಲೆ ಅಲ್ಲಿಯವರಿಗೆ ‘ಹೌದಲ್ಲ, ಆಡುಮಾತಿನಲ್ಲೂ ಹೀಗೆ ಬರೆಯಬಹುದು’ ಎಂಬ ಧೈರ್ಯ ಬಂತು. ಆದ್ದರಿಂದ ನಿಮ್ಮ ‘ನಕ್ಕೋ’, ‘ಕಾಯ್ಕು’ ಕೇಳಿ ಯಾರಾದರೂ ನಕ್ಕರೆ, ತಲೆ ತಗ್ಗಿಸಬೇಕಾಗಿಲ್ಲ.

ಹಾಗಾದರೆ ಪುಸ್ತಕದ ಹಿಂದಿ ಯಾಕೆ ಕಲಿಯಬೇಕು? ಬಗದಲ್‌ನ ಸಂತೆಗೆ ನಮ್ಮ ಮಾತು ಸಾಕು. ಭೋಪಾಲಕ್ಕೋ ಲಖನೌಗೋ ಕೆಲಸಕ್ಕೆ ಹೋದಾಗ, ಒಂದು ಕಾದಂಬರಿ ಓದಬೇಕಾದಾಗ, ಒಂದು ಅರ್ಜಿ ಬರೆಯಬೇಕಾದಾಗ ಅದು ಸಾಲುವುದಿಲ್ಲ. ಮನೆಯ ಚಪ್ಪಲಿ ಬೇರೆ, ಶಾಲೆಯ ಬೂಟು ಬೇರೆ. ಬೂಟು ಕೊಂಡವರು ಚಪ್ಪಲಿಯನ್ನು ಎಸೆಯುವುದಿಲ್ಲ.

ಈಗ ನಮ್ಮ ಮಕ್ಕಳು ಅತಿ ಹೆಚ್ಚು ಎಡವುವ ಕಲ್ಲನ್ನು ನೋಡೋಣ. ಅದರ ಹೆಸರು ‘ನೇ’. ಒಂದೇ ಅಕ್ಷರ. ಆದರೆ ಅದು ಕಿತ್ತುಕೊಂಡಿರುವ ಅಂಕಗಳನ್ನು ಲೆಕ್ಕ ಹಾಕಿದವರಿಲ್ಲ. ಬಿಟ್ಟ ಸ್ಥಳ ತುಂಬಿ ಎಂದು ಹೀಗೆ ಕೊಟ್ಟಿರುತ್ತಾರೆ: “ಲಡಕೇ ನೇ ರೋಟೀ ______.” ನಮ್ಮ ಮಕ್ಕಳು ತಿಂದವನು ಹುಡುಗ ತಾನೇ ಎಂದು ‘ಖಾಯಾ’ ಬರೆಯುತ್ತಾರೆ. ಕನ್ನಡದ ನಿಯಮವೇ ಹಾಗೆ. ಹುಡುಗ ತಿಂದ, ಹುಡುಗಿ ತಿಂದಳು, ದನ ತಿಂತು. ದಖನಿಯಲ್ಲೂ ಸಾಮಾನ್ಯವಾಗಿ ‘ನೇ’ ಇಲ್ಲ. “ಮೈ ರೋಟಿ ಖಾಯಾ” ಎಂದರೆ ಮುಗಿಯಿತು. ಆದರೆ ಪುಸ್ತಕದ ಉತ್ತರ ‘ಖಾಯೀ’.

ಏನು ನಡೆಯಿತು ಇಲ್ಲಿ? ಹಿಂದಿಯಲ್ಲಿ ಮುಗಿದುಹೋದ ಕೆಲಸವನ್ನು ಹೇಳುವಾಗ, ಕರ್ಮವಿರುವ ಕ್ರಿಯಾಪದವಾದರೆ, ಮಾಡಿದವರ ಮುಂದೆ ‘ನೇ’ ಬಂದು ಕೂರುತ್ತದೆ. ಅದು ಬಾಗಿಲಲ್ಲಿ ನಿಂತ ಕಾವಲುಗಾರನಂತೆ. ಮಾಡಿದವರು ಹುಡುಗನೋ ಹುಡುಗಿಯೋ ಎಂಬ ಸುದ್ದಿಯನ್ನು ಕ್ರಿಯಾಪದದ ತನಕ ಹೋಗಲು ಅದು ಬಿಡುವುದಿಲ್ಲ. ಆಗ ಕ್ರಿಯಾಪದ ಏನು ಮಾಡಬೇಕು? ತಿಂದದ್ದು ಏನು ಎಂದು ನೋಡುತ್ತದೆ. ರೋಟೀ ಸ್ತ್ರೀಲಿಂಗ, ಆದ್ದರಿಂದ ‘ಖಾಯೀ’. ಆಮ್, ಅಂದರೆ ಮಾವಿನಹಣ್ಣು, ಪುಲ್ಲಿಂಗ; ಆದ್ದರಿಂದ “ಲಡಕೀ ನೇ ಆಮ್ ಖಾಯಾ”. ತಿಂದವಳು ಹುಡುಗಿಯಾದರೂ ‘ಖಾಯಾ’ವೇ. ಅದೂ ಸಾಲದೆಂದು ‘ಲಾನಾ’, ‘ಭೂಲನಾ’ದಂಥ ಕೆಲವು ಕ್ರಿಯಾಪದಗಳು ಈ ಕಾವಲುಗಾರನನ್ನು ಹತ್ತಿರ ಸೇರಿಸುವುದಿಲ್ಲ. ಪದದ ಕೊನೆಯಲ್ಲಿ ‘ಈ’ ಇದ್ದರೆ ಹೆಣ್ಣು ಎಂದು ನಂಬಿದವರನ್ನು ಪಾನೀ, ಘೀ, ದಹೀ, ಮೋತೀ ಎಂಬ ನಾಲ್ಕು ಗಂಡು ಪದಗಳು ಕಾದು ನಿಂತು ಬೀಳಿಸುತ್ತವೆ.

ಈ ನಿಯಮವನ್ನು ಹಲಗೆಯ ಮೇಲೆ ಹತ್ತು ಸಲ ಬರೆದರೂ ತಲೆಗೆ ಹತ್ತುವುದು ಕಷ್ಟ. ಒಬ್ಬ ಹುಡುಗಿಗೆ ಅದು ಹತ್ತಿದ್ದು ಬೇರೆ ದಾರಿಯಿಂದ. ಅವಳು ಹಿಂದೆ ಹೇಳಿದೆನಲ್ಲ, ಅಂಥ ಮೌನಿ. ಎಲ್ಲಿಗೋ ಹೋದಾಗ ಅವಳ ಹಿಂದಿ ಕೇಳಿ ಯಾರೋ ನಕ್ಕಿದ್ದರಂತೆ. ಓಣಿಯಲ್ಲಿ ಎಲ್ಲರಿಗಿಂತ ಜೋರಾಗಿ ದಖನಿ ಆಡುವವಳು ತರಗತಿಯಲ್ಲಿ ಎದ್ದು ನಿಂತರೆ ನೆಲ ನೋಡುತ್ತಿದ್ದಳು. ಒಂಬತ್ತನೇ ತರಗತಿಯ ಅರ್ಧ ವರ್ಷ ಹೀಗೇ ಕಳೆಯಿತು. “ಪಾಸ್ ಆದ್ರ ಸಾಕ್ರೀ ಸರ್, ಮುಂದ ಹಿಂದಿ ತಗೊಳ್ಳಲ್ಲ” ಎಂದಿದ್ದಳು.

ಅವಳ ಆಯಿಯ ತವರು ಉದಗೀರ್ ಕಡೆ. 1956ಕ್ಕಿಂತ ಮೊದಲು ಉದಗೀರ್, ನಿಲಂಗಾ, ಅಹಮದಪುರ ನಮ್ಮ ಬೀದರ್ ಜಿಲ್ಲೆಯಲ್ಲೇ ಇದ್ದವು. ಜಹೀರಾಬಾದ್, ನಾರಾಯಣಖೇಡ್ ಕೂಡ ನಮ್ಮವೇ. ಆ ವರ್ಷದ ನವೆಂಬರ್ 1ರಂದು ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಒಂದಷ್ಟು ತಾಲ್ಲೂಕು ಮರಾಠಿಯ ಕಡೆಗೆ, ಒಂದಷ್ಟು ತೆಲುಗಿನ ಕಡೆಗೆ ಹೋದವು. ಬೀಗತನಗಳು ಮಾತ್ರ ಗಡಿ ನೋಡಲಿಲ್ಲ. ಅದಕ್ಕೇ ಇಂದಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಭಾಷೆ ಒಂದು, ಪಡಸಾಲೆಯ ಭಾಷೆ ಇನ್ನೊಂದು.

ಒಂದು ಸಂಜೆ ಆಯಿ ತನ್ನ ತವರಿನವರ ಜೊತೆ ಫೋನಿನಲ್ಲಿ ಮಾತಾಡುತ್ತ “ಮೀ ಭಾಕರೀ ಖಾಲ್ಲೀ” ಎಂದಳು. ನಾನು ರೊಟ್ಟಿ ತಿಂದೆ ಎಂದು. ಹುಡುಗಿಗೆ ಕಿವಿ ನೆಟ್ಟಗಾಯಿತು. ಫೋನ್ ಇಟ್ಟಮೇಲೆ ಕೇಳಿದಳು: “ಆಯಿ, ಮುತ್ಯಾ ರೊಟ್ಟಿ ತಿಂದ್ರ ಅವನೂ ಖಾಲ್ಲೀನೇ ಅಂತಾನ?”

“ಹೂಂ ಮತ್ತ. ಭಾಕರೀ ಹೆಣ್ಣದಲ್ಲ ಯವ್ವಾ, ಅದಕ್ಕ ಖಾಲ್ಲೀ. ಆಂಬಾ ಗಂಡದ, ಅದಕ್ಕ ಖಾಲ್ಲಾ. ಯಾರ್ ತಿಂದ್ರೇನು?”

ಶಾಲೆಯ ಮೆಟ್ಟಿಲು ಹತ್ತದ ಆಯಿ ಎರಡು ಸಾಲಿನಲ್ಲಿ ಹೇಳಿದ ಈ ಮಾತು ವ್ಯಾಕರಣ ಪುಸ್ತಕದ ಒಂದಿಡೀ ಅಧ್ಯಾಯ. ಮರಾಠಿ ಮತ್ತು ಹಿಂದಿ ಈ ನಿಯಮವನ್ನು ಹಂಚಿಕೊಂಡಿವೆ. ಮರುದಿನ ಹುಡುಗಿ ತಾನಾಗಿಯೇ ಹಲಗೆಯ ಹತ್ತಿರ ಬಂದು ಎರಡು ವಾಕ್ಯ ಬರೆದಳು. ಮೇಲೆ ಮರಾಠಿಯದು, ಕೆಳಗೆ ಹಿಂದಿಯದು. “ಎರಡೂ ಒಂದೇ ಅವ ನೋಡ್ರೀ ಸರ್” ಎಂದಳು. ಆ ದಿನ ತರಗತಿಯಲ್ಲಿ ಪಾಠ ಮಾಡಿದ್ದು ನಾನಲ್ಲ. ಅವಳು ‘ನೇ’ ಹಾಕುವಲ್ಲಿ ಈಗಲೂ ಕೆಲವೊಮ್ಮೆ ತಪ್ಪುತ್ತಾಳೆ. ಆದರೆ ತಪ್ಪಿದರೆ ಯಾಕೆ ತಪ್ಪಿತು ಎಂದು ಕೇಳುತ್ತಾಳೆ. ಭಾಷೆಯಲ್ಲಿ ಮೇಲಿನ ತರಗತಿ ಎನ್ನುವುದು ಅಲ್ಲಿಂದ ಶುರು. ಕೆಳಗಿನ ತರಗತಿಯಲ್ಲಿ ‘ಇದಕ್ಕೆ ಹಿಂದಿಯಲ್ಲಿ ಏನಂತಾರೆ’ ಎಂದು ಕೇಳುತ್ತೇವೆ. ಮೇಲೇರಿದಂತೆ ‘ನಾನು ಹೇಳಿದ್ದಕ್ಕೆ ಅಲ್ಲಿ ಏನರ್ಥ ಬಂತು’ ಎಂದು ಕೇಳಬೇಕಾಗುತ್ತದೆ.

ಈ ಎರಡನೇ ಪ್ರಶ್ನೆ ಎಷ್ಟು ಮುಖ್ಯ ಎಂದು ತೋರಿಸಲು ಒಂದು ಆಟವಿದೆ. ಕನ್ನಡದಲ್ಲೂ ಹಿಂದಿಯಲ್ಲೂ ಒಂದೇ ವೇಷ ಹಾಕಿಕೊಂಡು ಬೇರೆ ಬೇರೆ ಅರ್ಥ ಕೊಡುವ ಪದಗಳನ್ನು ಹಿಡಿಯುವ ಆಟ. ಆಗಸ್ಟ್ 15ಕ್ಕೆ ಹಾಡಲು ಅವಕಾಶ ಬೇಕೆಂದು ನೀವು ಹಿಂದಿಯಲ್ಲಿ ಅರ್ಜಿ ಬರೆದಿರಿ ಎಂದುಕೊಳ್ಳಿ. “ಮುಝೇ ಅವಕಾಶ್ ದೀಜಿಯೇ” ಎಂದರೆ ಓದಿದವರು ನಿಮಗೆ ರಜೆ ಕೊಟ್ಟು ಮನೆಗೆ ಕಳಿಸುತ್ತಾರೆ! ಹಿಂದಿಯಲ್ಲಿ ‘ಅವಕಾಶ್’ ಎಂದರೆ ರಜೆ. ನಮ್ಮ ಅವಕಾಶಕ್ಕೆ ಅಲ್ಲಿ ‘ಅವಸರ್’ ಎನ್ನಬೇಕು. ನಮ್ಮ ಅವಸರಕ್ಕೆ? ‘ಜಲ್ದೀ’. ಆ ‘ಜಲ್ದಿ’ಯನ್ನು ಬೀದರ್‌ನ ಕನ್ನಡ ಎಂದೋ ತನ್ನದು ಮಾಡಿಕೊಂಡಿದೆ. ನಾವು “ಜಲ್ದಿ ಬಾ” ಎಂದು ಹೇಳುವುದೇ ಹೆಚ್ಚು.

ಇನ್ನಷ್ಟು ಬೇಕೇ? ಹಿಂದಿಯ ‘ಉಪನ್ಯಾಸ್’ ಕೇಳಲು ಹೋಗಿ ಕೂರಬೇಡಿ, ಅದು ಓದುವ ಕಾದಂಬರಿ. ಹಿಂದಿಯ ‘ಅನುಮಾನ್’ ಸಂಶಯವಲ್ಲ, ಅಂದಾಜು. ಹಿಂದಿಯ ‘ಚೇಷ್ಟಾ’ ಮಾಡಿದ ಹುಡುಗನಿಗೆ ಹೊಡೆಯಬಾರದು, ಅವನು ಪ್ರಯತ್ನ ಮಾಡಿದ್ದಾನೆ. ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ಶಿಕ್ಷಣ. ಕನ್ನಡದಲ್ಲೂ ಮರಾಠಿಯಲ್ಲೂ ದಂಡನೆ. (ಎರಡೂ ಒಂದೇ ಎಂದು ಹಿಂದಿನ ಬೆಂಚಿನಿಂದ ಯಾರೋ ಹೇಳಿದ್ದು ನನಗೆ ಕೇಳಿಸಿತು.) ಹಿಂದಿಗೆ ‘ಸಂಸಾರ್’ ಎಂದರೆ ಜಗತ್ತು, ನಮಗೆ ಮನೆ, ಹೆಂಡತಿ, ಮಕ್ಕಳು. ಅದೇ ನಮಗೆ ‘ಪ್ರಪಂಚ’ ಎಂದರೆ ಜಗತ್ತು. ಮರಾಠಿಗೆ ಮನೆ, ಸಂಸಾರ. ಹಿರಿಯರಿಗೆ ಒಂದು: ಕನ್ನಡದ ಮಂತ್ರಿ ‘ರಾಜೀನಾಮೆ’ ಕೊಟ್ಟರೆ ಕುರ್ಚಿ ಹೋಯಿತು. ಉರ್ದುವಿನಲ್ಲಿ ‘ರಾಜೀನಾಮಾ’ ಎಂದರೆ ಎರಡು ಕಡೆಯವರು ರಾಜಿಯಾಗಿ ಬರೆದುಕೊಂಡ ಪತ್ರ. ಕುರ್ಚಿ ಬಿಡುವುದಕ್ಕೆ ಅಲ್ಲಿ ‘ಇಸ್ತೀಫಾ’ ಎನ್ನುತ್ತಾರೆ.

ಇದು ಬಗದಲ್‌ನ ಕಥೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಮೆಕ್ಸಿಕೋ ಮೊದಲಾದ ದೇಶಗಳಿಂದ ಬಂದು ನೆಲೆಸಿದ ಲಕ್ಷಾಂತರ ಕುಟುಂಬಗಳು ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತವೆ. ಅವರ ಮಕ್ಕಳು ಹೈಸ್ಕೂಲಿನಲ್ಲಿ ಸ್ಪ್ಯಾನಿಷ್‌ನ ಮೇಲಿನ ತರಗತಿಗೆ ಸೇರಿದಾಗ ನಮ್ಮ ಮಕ್ಕಳ ಪಾಡೇ ಅವರ ಪಾಡು. ಅವರ ಮನೆಯ ಮಾತಿನಲ್ಲಿ ಟ್ರಕ್ಕಿಗೆ ‘ಟ್ರೋಕಾ’, ಪುಸ್ತಕದಲ್ಲಿ ‘ಕಮಿಯೋನ್’. ಎಷ್ಟೋ ಶಾಲೆಗಳು ಈಗ ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳಿಗೆಂದೇ ಬೇರೆ ತರಗತಿ ನಡೆಸುತ್ತವೆ. ಮನೆಯ ಮಾತನ್ನು ತಪ್ಪೆಂದು ಅಳಿಸದೆ, ಅದರ ಪಕ್ಕದಲ್ಲಿ ಬರಹದ ಮಾತನ್ನು ಇಟ್ಟು ಕಲಿಸುವುದು ಅಲ್ಲಿಯ ಪದ್ಧತಿ. ಇಂಗ್ಲಿಷ್ ಬಲ್ಲವರನ್ನು ಬೀಳಿಸುವ ವೇಷಧಾರಿ ಪದಗಳು ಅಲ್ಲೂ ಇವೆ. ಸ್ಪ್ಯಾನಿಷ್‌ನ ‘ಸೋಪಾ’ ಕುಡಿಯುವ ಸೂಪು, ಮೈ ತೊಳೆಯುವ ಸೋಪಲ್ಲ. ‘ರೋಪಾ’ ಬಟ್ಟೆ, ಹಗ್ಗವಲ್ಲ. ಅವರ ಅಂಗಿ ‘ಕಮೀಸಾ’, ನಮ್ಮ ಕಮೀಸಿನ ದೂರದ ನಂಟ. ಅವರ ಸಕ್ಕರೆ ‘ಅಸೂಕರ್’. ಅದು ಅರಬ್ಬಿಯ ದಾರಿಯಲ್ಲಿ ನಮ್ಮ ದೇಶದ ‘ಶರ್ಕರಾ’ದಿಂದಲೇ ಹೋದ ಪದ.

ಮೇಲಿನ ತರಗತಿಯ ಸ್ಪ್ಯಾನಿಷ್‌ನಲ್ಲಿ ಮಕ್ಕಳನ್ನು ಅಳಿಸುವ ಪಾಠ ಒಂದಿದೆ. ಅವನು ಖಂಡಿತ ಬರುತ್ತಾನೆ ಎನ್ನುವಾಗ ‘ವಿಯೆನೆ’. ಅವನು ಬರಲಿ ಎಂಬ ಆಸೆಯೋ, ಬರುತ್ತಾನೋ ಇಲ್ಲವೋ ಎಂಬ ಸಂದೇಹವೋ ಇದ್ದಾಗ ‘ವೆಂಗಾ’. ಮನಸ್ಸಿನಲ್ಲಿ ಇರುವುದು ನಿಶ್ಚಯವೋ ಊಹೆಯೋ ಎಂಬುದರ ಮೇಲೆ ಕ್ರಿಯಾಪದದ ರೂಪವೇ ಬದಲಾಗುತ್ತದೆ. ಇದು ವಿಚಿತ್ರ ಎನ್ನಿಸಿತೇ? ನಿಮ್ಮ ಕನ್ನಡ ವ್ಯಾಕರಣದಲ್ಲಿ ಸಂಭಾವನಾರ್ಥಕ ಓದಿದ್ದೀರಲ್ಲ. ‘ಬರುತ್ತಾನೆ’ ಬೇರೆ, ‘ಬಂದಾನು’ ಬೇರೆ. “ಜೋಪಾನ, ಬಿದ್ದೀಯೆ!” ಎಂದು ಅಜ್ಜಿ ಕೂಗುವಾಗ ನೀವಿನ್ನೂ ಬಿದ್ದಿರುವುದಿಲ್ಲ. ಹೀಗೆ ದೂರದ ಭಾಷೆಯ ಕಠಿಣ ಪಾಠಕ್ಕೆ ಹತ್ತಿರದ ಒಂದು ಬೀಗದಕೈ ನಮ್ಮ ಮನೆಯಲ್ಲೇ ಬಿದ್ದಿರುತ್ತದೆ.

ಭಾಷೆಯ ಮೇಲಿನ ತರಗತಿಗಳಿಗೆ ನಮ್ಮ ಬೀದರ್ ಹೊಸ ಊರೇನಲ್ಲ. ಹಳೆಯ ಪೇಟೆಯಲ್ಲಿ, ನೀಲಿ ಹಂಚಿನ ಅಲಂಕಾರ ಇನ್ನೂ ಅಲ್ಲಲ್ಲಿ ಉಳಿದಿರುವ ಮಹಮೂದ್ ಗವಾನನ ಮದರಸಾವನ್ನು ನೀವು ಶಾಲೆಯ ಪ್ರವಾಸದಲ್ಲಿ ನೋಡಿರಬಹುದು. 1472ರಲ್ಲಿ ಕಟ್ಟಿಸಿದ್ದು. ಪಾರಸಿ ದೇಶದ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದ ಗವಾನ ಬಹಮನಿ ರಾಜ್ಯದ ಪ್ರಧಾನಿಯಾದ. ಅವನ ಮದರಸಾದಲ್ಲಿ ಸುಮಾರು 3,000 ಹಸ್ತಪ್ರತಿಗಳ ಗ್ರಂಥಾಲಯವಿತ್ತು ಎನ್ನುತ್ತಾರೆ. ಅವನು ಸ್ವತಃ ಪಾರಸಿಯಲ್ಲಿ ಪತ್ರ ಬರೆಯುವ ಕಲೆಯ ದೊಡ್ಡ ಪಂಡಿತ. ಆ ಕಲೆಗೆ ‘ಇನ್ಶಾ’ ಎಂದು ಹೆಸರು. ಅವನ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಶಾ’. ಪತ್ರ ಬರೆಯುವುದು ಹೇಗೆ ಎಂದು ಕಲಿಸುವ ಅವನ ಇನ್ನೊಂದು ಪುಸ್ತಕ ‘ಮನಾಜಿರುಲ್ ಇನ್ಶಾ’. ಯಾರಿಗೆ ಯಾವ ಸಂಬೋಧನೆ, ಯಾವ ವಿಷಯಕ್ಕೆ ಯಾವ ಧಾಟಿ, ಎಲ್ಲಕ್ಕೂ ಅದರಲ್ಲಿ ಲೆಕ್ಕವಿತ್ತು. ಪರೀಕ್ಷೆಯಲ್ಲಿ ‘ಪ್ರಧಾನ ಅಧ್ಯಾಪಕರಿಗೆ ರಜೆ ಪತ್ರ ಬರೆಯಿರಿ’ ಎಂಬ ಪ್ರಶ್ನೆ ಬಂದಾಗ ನೆನಪಿರಲಿ, ಆ ವಿದ್ಯೆಗೆ ನಮ್ಮ ಊರಿನಲ್ಲಿ 500 ವರ್ಷಕ್ಕೂ ಮಿಕ್ಕ ಇತಿಹಾಸವಿದೆ.

ದುಃಖದ ಸಂಗತಿಯೆಂದರೆ ಪತ್ರದ ಪಂಡಿತನನ್ನು ಕೊಂದದ್ದೂ ಒಂದು ಪತ್ರವೇ. ಅವನ ಏಳ್ಗೆ ಸಹಿಸದವರು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿದರು. ಆಮೇಲೆ ಅದರಲ್ಲಿ ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆಯುವ ಮಾತುಗಳನ್ನು ತುಂಬಿದರು. ಸುಲ್ತಾನ ಮುದ್ರೆಯನ್ನು ನೋಡಿದ. ಮುದ್ರೆ ತನ್ನದೇ, ಪತ್ರ ಮಾತ್ರ ತನ್ನದಲ್ಲ ಎಂದ ಗವಾನನ ಮಾತನ್ನು ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ ಅವನ ತಲೆ ಹೋಯಿತು. ತಪ್ಪು ಅರಿವಾದಾಗ ಕಾಲ ಮಿಂಚಿತ್ತು. ಅವನಿಲ್ಲದ ರಾಜ್ಯ ಕೆಲವೇ ವರ್ಷಗಳಲ್ಲಿ ಒಡೆಯತೊಡಗಿತು. ಮುದ್ರೆ ನೋಡಿ ನಂಬುವುದಕ್ಕೂ ಪತ್ರ ಓದಿ ತಿಳಿಯುವುದಕ್ಕೂ ಎಷ್ಟು ಅಂತರ! ಮೊಬೈಲಿಗೆ ಬಂದ ಸಂದೇಶವನ್ನು ಮೇಲಿನ ಚಿತ್ರ ನೋಡಿಯೇ ನಂಬಿ ಹತ್ತು ಜನರಿಗೆ ಕಳಿಸುವ ನಮಗೆಲ್ಲ ಈ ಕಥೆ ಇನ್ನೂ ಹಳೆಯದಾಗಿಲ್ಲ.

ಈಗ ಹಿರಿಯರ ಕಡೆಗೆ ತಿರುಗುತ್ತೇನೆ. 1948ರ ತನಕ ನಾವು ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದೆವು. ಕಚೇರಿಯ ಭಾಷೆ ಉರ್ದು. ಮೇಲಿನ ಓದು ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಆ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ನಮ್ಮ ಜಿಲ್ಲೆಯ ಮನೆಮನೆಗೂ ಗೊತ್ತು. ಒಂದು ಭಾಷೆಯನ್ನು ಹೇರಿದಾಗ ಇನ್ನೊಂದನ್ನು ಬಚ್ಚಿಟ್ಟು ಕಲಿಸಬೇಕಾಯಿತು. ಹಾಗೆಂದು ನಮ್ಮ ಹಿರಿಯರು ಉರ್ದುವಿನ ಮೇಲೆ ಸಿಟ್ಟು ಇಟ್ಟುಕೊಳ್ಳಲಿಲ್ಲ. ಮುಂದೆಯೂ ಎಷ್ಟೋ ಜನ ಕನ್ನಡದಲ್ಲಿ ವಚನ ಹೇಳುತ್ತ, ಉರ್ದುವಿನಲ್ಲಿ ಲೆಕ್ಕ ಬರೆಯುತ್ತ, ಮರಾಠಿಯಲ್ಲಿ ಅಭಂಗ ಹಾಡುತ್ತ ಬಾಳಿದರು.

ಆ ಕಾಲದ ಜಮೀನಿನ ಕಾಗದಗಳು ನಮ್ಮ ಹಳೆಯ ಟ್ರಂಕುಗಳಲ್ಲಿ ಇನ್ನೂ ಇವೆ. ಉರ್ದು ಲಿಪಿಯಲ್ಲಿವೆ. ಓದಬಲ್ಲ ಮುತ್ಯಾ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಓದುವವರು ಹೋದಮೇಲೆ ಆ ಕಾಗದ ಬರೀ ಕಾಗದ. ಹೊಲದ ಗಡಿ ಎಲ್ಲಿಗಿತ್ತು, ಬಾವಿಯಲ್ಲಿ ಯಾರ ಪಾಲೆಷ್ಟು, ಎಲ್ಲ ಅದರಲ್ಲೇ ಇದ್ದರೂ ಮನೆಯವರು ಇನ್ನೊಬ್ಬರ ಬಾಯಿ ನೋಡಬೇಕು.

ಈ ಬೀಗಕ್ಕೂ ಕೀಲಿ ನಮ್ಮ ಓಣಿಯಲ್ಲೇ ಇದೆ. ಬಗದಲ್‌ನಂಥ ಊರಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳೂ ಇದ್ದಾರೆ, ಉರ್ದು ಮಾಧ್ಯಮದ ಮಕ್ಕಳೂ ಇದ್ದಾರೆ. ಸಂಜೆ ಒಂದೇ ಮೈದಾನದಲ್ಲಿ ಕ್ರಿಕೆಟ್ ಆಡುತ್ತಾರೆ. ಒಬ್ಬಳಿಗೆ ಹಿಂದಿಯ ‘ನೇ’ ಬೆದರಿಕೆ. ಇನ್ನೊಬ್ಬಳಿಗೆ ಕನ್ನಡದ ಒತ್ತಕ್ಷರ, ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’ ಬೆದರಿಕೆ. ಅವಳ ಉರ್ದುವಿನಲ್ಲಿ ಬಸ್ಸು ಹೆಣ್ಣು. ಕನ್ನಡದಲ್ಲಿ ‘ಬಸ್ ಬಂತು’ ಎನ್ನುವಾಗ ಆ ಹೆಣ್ಣು ಎಲ್ಲಿ ಹೋದಳು ಎಂದು ಅವಳು ಹುಡುಕುತ್ತಾಳೆ. ಇಬ್ಬರೂ ಬೇರೆ ಬೇರೆ ಕೂತು ಒಂದೇ ಬಗೆಯ ಕಷ್ಟಪಡುತ್ತಾರೆ. ಆಟ ಮುಗಿದಮೇಲೆ ಒಂದು ಅರ್ಧ ಗಂಟೆ ಒಂದೇ ಕಟ್ಟೆಯ ಮೇಲೆ ಕೂತರೆ, ಇವಳ ಒತ್ತಕ್ಷರ ಅವಳಿಗೆ, ಅವಳ ಲಿಪಿ ಇವಳಿಗೆ. ಟ್ಯೂಷನ್ ಫೀಸೂ ಉಳಿಯಿತು.

ಕೊನೆಗೆ ಒಂದು ಪದ. ಮರಾಠಿಯಲ್ಲಿ ‘ನಾವು’ ಎನ್ನಲು ಎರಡು ಮಾತುಗಳಿವೆ. “ಆಮ್ಹೀ ಜಾತೋ” ಎಂದರೆ ನಾವು ಹೋಗುತ್ತೇವೆ, ನೀವು ನಮ್ಮ ಜೊತೆ ಇಲ್ಲ. “ಆಪಣ ಜಾಊ” ಎಂದರೆ ನೀವೂ ಸೇರಿ ಎಲ್ಲರೂ ಹೋಗೋಣ. ಆಚೆ ಕಡೆ ತೆಲುಗಿನಲ್ಲೂ ಹಾಗೇ: ‘ಮೇಮು’ ಎಂದರೆ ನಿಮ್ಮನ್ನು ಬಿಟ್ಟು ನಾವು, ‘ಮನಮು’ ಎಂದರೆ ನಿಮ್ಮನ್ನೂ ಸೇರಿಸಿ ನಾವು. ದಖನಿಯವರೂ ಎಲ್ಲರನ್ನೂ ಸೇರಿಸಿಕೊಳ್ಳುವಾಗ ‘ಅಪನ್’ ಎನ್ನುತ್ತಾರೆ. ನಡುವೆ ಇರುವ ನಮ್ಮ ಇಂದಿನ ಕನ್ನಡಕ್ಕೆ ಒಂದೇ ‘ನಾವು’. ಆದ್ದರಿಂದ ಬೀದರ್‌ನ ಹುಡುಗ “ನಾವು ಜಾತ್ರೆಗೆ ಹೊಂಟೀವಿ” ಎಂದಾಗ ನನ್ನನ್ನೂ ಕರೆದನೋ ಇಲ್ಲವೋ ಎಂದು ಅವನ ಮುಖ ನೋಡಿಯೇ ತಿಳಿಯಬೇಕು.

ಈ ವಾರದ ಕೆಲಸ

ಮಕ್ಕಳೇ, ಮನೆಯಲ್ಲಿ ನೀವು ಆಡುವ ಹತ್ತು ವಾಕ್ಯಗಳನ್ನು ಆಡಿದ ಹಾಗೆಯೇ ಬರೆಯಿರಿ. ತಿದ್ದಬೇಡಿ. ಪಕ್ಕದಲ್ಲಿ ಅದೇ ವಾಕ್ಯವನ್ನು ಪುಸ್ತಕದ ಭಾಷೆಯಲ್ಲಿ ಬರೆಯಿರಿ. ಎರಡಕ್ಕೂ ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಕೆಂಪು ಗೆರೆ ಎಳೆದು, ಯಾಕೆ ಎಂದು ಒಂದು ಸಾಲು ಬರೆಯಿರಿ. ತುಳುವಾಗಲಿ, ಕೊಂಕಣಿಯಾಗಲಿ, ಲಂಬಾಣಿಯಾಗಲಿ, ಹಳ್ಳಿಯ ಕನ್ನಡವೇ ಆಗಲಿ, ಯಾವ ಮನೆಮಾತಾದರೂ ಆದೀತು.

ಅಜ್ಜ, ಅಜ್ಜಿಯರೇ, ನೀವು ಚಿಕ್ಕವರಿದ್ದಾಗ ಆಡುತ್ತಿದ್ದು ಈಗ ಮನೆಯಲ್ಲಿ ಯಾರೂ ಆಡದ ಐದು ಪದಗಳನ್ನು ಮೊಮ್ಮಕ್ಕಳಿಗೆ ಹೇಳಿ ಬರೆಸಿ. ಟ್ರಂಕಿನಲ್ಲಿ ಉರ್ದು ಕಾಗದವಿದ್ದರೆ ಹೊರಗೆ ತೆಗೆಯಿರಿ. ನಿಮಗೆ ಓದಲು ಬಂದರೆ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಬರೆಸಿಡಿ. ಕನ್ನಡಕ ಸಿಗಲಿಲ್ಲ, ನಾಳೆ ನೋಡೋಣ ಎನ್ನಬೇಡಿ.